ಓದುಗರ ಪ್ರಶ್ನೆ: ಬ್ರೆಜಿಲ್‌ನ ಹಳದಿ ಅಂಗಿ, ಬನಹಟ್ಟಿಯ ಚಡ್ಡಿ ಬಟ್ಟೆ

ಮಳೆಗಾಲದ ಫುಟ್‌ಬಾಲ್ ಟೂರ್ನಿಗಳು ಹತ್ತಿರ ಬಂದಂತೆ ಜರ್ಸಿಯ ಬಗ್ಗೆಯೇ ಹೆಚ್ಚು ಪತ್ರ ಬಂದಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಬ್ರೆಜಿಲ್ ಕುರಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಜರ್ಸಿಗೇ ಮೀಸಲು, ಶುರು ಬ್ರೆಜಿಲ್‌ನಿಂದ.

1950ರ ವಿಶ್ವಕಪ್ ಸೋತ ಕೂಡಲೇ ಬ್ರೆಜಿಲ್‌ನವರು ಬಿಳಿ ಜರ್ಸಿ ಬಿಸಾಕಿ ಹಳದಿ ತೊಟ್ಟರು, ಅಲ್ಲಿಂದ ಗೆಲ್ಲೂದು ಸುರುವಾತು ಅಂತ ಎಲ್ಲಾ ಕಡೆ ಓದೇವಿ. ಖರೇ ಏನ್ರಿ?
— ಶಹಾಪುರ, ಬೆಳಗಾವಿ

ಕಾಲು ಭಾಗ ಖರೆ. ಉಳಿದದ್ದು ಹೇಳುವವರ ಅನುಕೂಲಕ್ಕೆ ಸೇರಿಕೊಂಡದ್ದು.

ಬ್ರೆಜಿಲ್ ತಂಡ ಮೊದಲ ಪಂದ್ಯ ಆಡಿದ್ದು 1914ರ ಜುಲೈ 21ರಂದು, ರಿಯೊದಲ್ಲಿ, ಇಂಗ್ಲೆಂಡಿನ ಎಕ್ಸಿಟರ್ ಸಿಟಿ ಕ್ಲಬ್ಬಿನ ವಿರುದ್ಧ. ಅಂದು ತೊಟ್ಟಿದ್ದು ಬಿಳಿ. 1919ರಲ್ಲಿ ಮೊದಲ ಸಲ ದಕ್ಷಿಣ ಅಮೆರಿಕ ಚಾಂಪಿಯನ್ ಆದದ್ದೂ ಬಿಳಿಯಲ್ಲೇ. 1950ರ ಹೊತ್ತಿಗೆ ಅದು ನೀಲಿ ಕಾಲರಿನ ಬಿಳಿ ಅಂಗಿಯಾಗಿತ್ತು. ಆ ವರ್ಷದ ವಿಶ್ವಕಪ್‌ನಲ್ಲಿ ಫೈನಲ್ ಎಂಬುದೇ ಇರಲಿಲ್ಲ, ನಾಲ್ಕು ತಂಡಗಳ ಕೊನೆಯ ಸುತ್ತು ಇತ್ತು. ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಎದುರು ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು, ಕಪ್ ಬ್ರೆಜಿಲ್‌ನದಾಗುತ್ತಿತ್ತು. ಬ್ರೆಜಿಲ್‌ನ ಫ್ರಿಯಾಸಾ ಮೊದಲ ಗೋಲು ಹೊಡೆದ. ಉರುಗ್ವೆಯ ಶಿಯಾಫಿನೊ ಸಮ ಮಾಡಿದ. 79ನೇ ನಿಮಿಷದಲ್ಲಿ ಗಿಜ್ಜಿಯಾ ಎರಡನೆಯದು ಹೊಡೆದು ಕಪ್ ಒಯ್ದ. ಸೋಲಿನ ಸಿಟ್ಟು ಗೋಲ್‌ಕೀಪರ್ ಬಾರ್ಬೋಸಾ ಮೇಲೆ ಬಿತ್ತು, ಅಂಗಿಯ ಮೇಲೂ ಬಿತ್ತು. ಆ ಅಂಗಿಯಲ್ಲಿ ದೇಶದ ಗುರುತೇ ಇಲ್ಲ ಎಂಬ ಮಾತು ಶುರುವಾಯಿತು.

ಆದರೆ ಬಿಳಿ ಅಂಗಿ ಅಂದೇ ಮೂಲೆ ಸೇರಲಿಲ್ಲ. 1952ರಲ್ಲಿ ಸ್ಯಾಂಟಿಯಾಗೊದ ಪ್ಯಾನ್ ಅಮೆರಿಕನ್ ಚಾಂಪಿಯನ್‌ಷಿಪ್ಪನ್ನು ಬ್ರೆಜಿಲ್ ಅದೇ ಬಿಳಿಯಲ್ಲಿ ಗೆದ್ದಿತು. 1953ರಲ್ಲಿ ಲಿಮಾದಲ್ಲಿ ಪರಗ್ವೆ ಎದುರು 3-2ರಿಂದ ಸೋತಾಗಲೂ ಬಿಳಿಯೇ. ಅದೇ ವರ್ಷ ರಿಯೊದ ‘ಕೊರೆಯೊ ದ ಮನ್ಯಾ’ ಪತ್ರಿಕೆ ಹೊಸ ಸಮವಸ್ತ್ರಕ್ಕಾಗಿ ಸ್ಪರ್ಧೆ ಕರೆಯಿತು. ಹಳದಿ ಅಂಗಿ ಮೈದಾನಕ್ಕೆ ಇಳಿದದ್ದು 1954ರ ಮಾರ್ಚ್‌ನಲ್ಲಿ, ಮರಕಾನಾದಲ್ಲಿ ಚಿಲಿ ವಿರುದ್ಧ. ಬ್ರೆಜಿಲ್ 1-0ರಿಂದ ಗೆದ್ದಿತು. ಸೋಲಿಗೂ ಬಣ್ಣ ಬದಲಾವಣೆಗೂ ನಡುವೆ ಮೂರು ವರ್ಷ ಎಂಟು ತಿಂಗಳು ಕಳೆದಿದ್ದವು.

ಇನ್ನು ‘ಹಳದಿ ತೊಟ್ಟ ಕೂಡಲೇ ಗೆಲುವು’ ಎಂಬ ಮಾತು. 1954ರ ವಿಶ್ವಕಪ್‌ನಲ್ಲಿ ಹಳದಿ ಬ್ರೆಜಿಲ್ ಹಂಗೇರಿಯ ಕೈಯಲ್ಲಿ 4-2ರಿಂದ ಸೋತು ಮನೆಗೆ ಬಂತು. 1958ರಲ್ಲಿ ಕಪ್ ಗೆದ್ದಿತು ನಿಜ, ಆದರೆ ಆ ಫೈನಲ್ ಆಡಿದ್ದು ನೀಲಿ ಅಂಗಿಯಲ್ಲಿ. ಹಳದಿ ತೊಟ್ಟು ಫೈನಲ್ ಗೆದ್ದದ್ದು 1962ರಲ್ಲೇ, ಚೆಕೊಸ್ಲೊವಾಕಿಯಾ ವಿರುದ್ಧ 3-1ರಿಂದ. ಬಿಳಿಯೂ ಪೂರ್ತಿ ಮಾಯವಾಗಿಲ್ಲ. 1919ರ ಗೆಲುವಿನ ನೂರನೇ ವರ್ಷಕ್ಕೆಂದು 2019ರ ಜೂನ್ 14ರಂದು ಸಾವೊ ಪಾಲೊದಲ್ಲಿ ಬೊಲಿವಿಯಾ ವಿರುದ್ಧ ಮತ್ತೆ ಅದನ್ನೇ ತೊಟ್ಟು 3-0ರಿಂದ ಗೆದ್ದರು.

ಹಳದಿ ಜರ್ಸಿ ಬಿಡಿಸಿದವನು ಉರುಗ್ವೆಯ ಅಭಿಮಾನಿ ಎನ್ನುತ್ತಾರಲ್ಲ? ಸ್ಪರ್ಧೆಯ ನಿಯಮ ಏನಿತ್ತು?
— ತಿಲಕವಾಡಿಯ ಒಬ್ಬ ವಿದ್ಯಾರ್ಥಿನಿ

ಹೌದು, ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಆಲ್ಡಿರ್ ಗಾರ್ಸಿಯಾ ಶ್ಲೀ ಹುಟ್ಟಿದ್ದು ಬ್ರೆಜಿಲ್‌ನ ದಕ್ಷಿಣ ತುದಿಯ ಜಾಗ್ವರಾವ್‌ನಲ್ಲಿ. ಸೇತುವೆ ದಾಟಿದರೆ ಉರುಗ್ವೆ. ಗಡಿ ಊರಿನವರ ಮನಸ್ಸು ಆಚೆ ದಂಡೆಯಲ್ಲಿ ಇರುವುದೇನೂ ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಸ್ಪರ್ಧೆ ಗೆದ್ದಾಗ ಅವನಿಗೆ 19 ವರ್ಷ, ಪತ್ರಿಕೆಗಳಿಗೆ ಚಿತ್ರ ಬಿಡಿಸುತ್ತಿದ್ದ. ಮುಂದೆ ಪ್ರಾಧ್ಯಾಪಕ, ಕಥೆಗಾರ ಎಂದು ಹೆಸರಾಗಿ 2018ರಲ್ಲಿ ತೀರಿಕೊಂಡ.

ನಿಯಮ ಒಂದೇ, ಆದರೆ ಬಿಗಿಯಾದದ್ದು: ಧ್ವಜದ ನಾಲ್ಕೂ ಬಣ್ಣ, ಅಂದರೆ ಹಸಿರು, ಹಳದಿ, ನೀಲಿ, ಬಿಳಿ ಸಮವಸ್ತ್ರದಲ್ಲಿ ಇರಲೇಬೇಕು. ಎರಡು ಬಣ್ಣ ಹೊಂದಿಸುವುದು ಸುಲಭ. ನಾಲ್ಕನ್ನೂ ಸಮಪಾಲಲ್ಲಿ ಹಾಕಿದರೆ ಆಟಗಾರ ಬ್ಯಾಂಡ್ ಕಂಪನಿಯವನಂತೆ ಕಾಣುತ್ತಾನೆ. ಶ್ಲೀ ನಾಲ್ಕನ್ನೂ ಮೇಲಿಂದ ಕೆಳಗೆ ಹಂಚಿದ. ಅಂಗಿ ಹಳದಿ, ಅದರ ಕಾಲರ್ ಮತ್ತು ತೋಳಿನ ಅಂಚಿಗಷ್ಟೇ ಹಸಿರು, ಚಡ್ಡಿ ನೀಲಿ, ಚಡ್ಡಿಯ ಪಕ್ಕದ ಪಟ್ಟಿ ಮತ್ತು ಸಾಕ್ಸ್ ಬಿಳಿ. ಹಸಿರನ್ನು ಅಂಚಿಗೆ ಸೀಮಿತ ಮಾಡಿದ್ದರಲ್ಲೇ ಅವನ ಜಾಣತನ ಇದೆ. ದೂರದಿಂದ ನೋಡಿದವರಿಗೆ ಹಳದಿ-ನೀಲಿ ಎರಡೇ ಬಣ್ಣ ಕಾಣುತ್ತವೆ, ಹತ್ತಿರ ಬಂದರೆ ನಾಲ್ಕೂ ಇವೆ.

ಧ್ವಜದ ಹಸಿರು ಅಂದರೆ ಕಾಡು, ಹಳದಿ ಅಂದರೆ ಬಂಗಾರ ಎಂದು ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಮೂಲದಲ್ಲಿ ಹಸಿರು ಚಕ್ರವರ್ತಿ ಪೆಡ್ರೊನ ಬ್ರಗಾಂಜಾ ಮನೆತನದ ಬಣ್ಣ, ಹಳದಿ ಅವನ ಹೆಂಡತಿ ಲಿಯೊಪೊಲ್ಡಿನಾಳ ಹ್ಯಾಬ್ಸ್‌ಬರ್ಗ್ ಮನೆತನದ ಬಣ್ಣ.

1958ರ ಫೈನಲ್‌ನಲ್ಲಿ ನೀಲಿ ಯಾಕೆ? ಮೊದಲೇ ಹೊಲಿಸಿ ಒಯ್ದಿದ್ದರೇ?
— ಕ್ಯಾಂಪ್, ಬೆಳಗಾವಿ

ಇಲ್ಲ. ಎದುರಾಳಿ ಸ್ವೀಡನ್ನಿನದೂ ಹಳದಿ ಅಂಗಿಯೇ. ಚೀಟಿ ಎತ್ತಿದಾಗ ಬ್ರೆಜಿಲ್ ಬಣ್ಣ ಬದಲಿಸಬೇಕಾಯಿತು. ಸ್ಟಾಕ್‌ಹೋಮ್‌ನ ಅಂಗಡಿಯಲ್ಲಿ ನೀಲಿ ಅಂಗಿ ಕೊಂಡು, ಹಳದಿ ಅಂಗಿಗಳ ಲಾಂಛನ ಬಿಚ್ಚಿ ಅದಕ್ಕೆ ಹೊಲಿದರು. ಕೊನೇ ಗಳಿಗೆಯಲ್ಲಿ ಬಣ್ಣ ಬಿಟ್ಟುಕೊಡುವುದು ಅಪಶಕುನ ಎಂದು ಆಟಗಾರರು ಮುಖ ಸಣ್ಣ ಮಾಡಿದಾಗ, ತಂಡದ ಮುಖ್ಯಸ್ಥ ಪೌಲೊ ಮಚಾಡೊ ಡಿ ಕಾರ್ವಾಲ್ಯೊ ಇದು ಬ್ರೆಜಿಲ್ ಕಾಯುವವಳೆಂದು ಅಲ್ಲಿನವರು ನಂಬುವ ಅಪರೆಸಿಡಾ ಮಾತೆಯ ಮೇಲುವಸ್ತ್ರದ ಬಣ್ಣ ಎಂದು ಧೈರ್ಯ ತುಂಬಿದ. ಫಲಿತಾಂಶ 5-2. ಅಲ್ಲಿಂದ ನೀಲಿಯೇ ಬ್ರೆಜಿಲ್‌ನ ಎರಡನೇ ಅಂಗಿ.

ನಮ್ಮ ತಂಡದ 16 ಹುಡುಗರಿಗೆ 1970ರ ಬ್ರೆಜಿಲ್ ಮಾದರಿಯ ಜರ್ಸಿಯನ್ನು ಇಲ್ಲೇ ಹೊಲಿಸಬೇಕೆಂದಿದ್ದೇವೆ. ಹೋದ ಸಲ ಹಸಿರು ಕಾಲರಿನ ಬಣ್ಣ ಬಿಟ್ಟು ಹಳದಿ ಅಂಗಿಯೆಲ್ಲ ಹಾಳಾಯಿತು. ಬಟ್ಟೆ ಎಷ್ಟು ಬೇಕು, ಏನು ನೋಡಿಕೊಳ್ಳಬೇಕು?
— ಖಾನಾಪುರ

ಮೊದಲು ಯಾವುದನ್ನು ನಕಲು ಮಾಡುತ್ತಿದ್ದೀರಿ ಎಂಬುದು ಸ್ಪಷ್ಟವಾಗಿರಲಿ. 1970ರ ಅಂಗಿ ಹತ್ತಿಯದು, ಹಸಿರು ದುಂಡು ಕಾಲರ್, ಗಿಡ್ಡ ತೋಳು, ತೋಳಿನ ತುದಿಗೆ ಹಸಿರು ಪಟ್ಟಿ. ಹೊಲಿದುಕೊಟ್ಟದ್ದು ಬ್ರೆಜಿಲ್‌ನದೇ ಅಥ್ಲೆಟಾ ಕಂಪನಿ, ಆದರೆ ಎದೆಯ ಮೇಲೆ ಕಂಪನಿ ಗುರುತಿಲ್ಲ. ಬೆನ್ನಿನ ಮೇಲೆ ಹಸಿರು ನಂಬರ್ ಇದೆ, ಹೆಸರಿಲ್ಲ. ಲಾಂಛನದ ಅಕ್ಷರ ಸಿಬಿಡಿ, ಅಂದರೆ ಆಗಿನ ಬ್ರೆಜಿಲ್ ಕ್ರೀಡಾ ಒಕ್ಕೂಟ. ಸಿಬಿಎಫ್ ಎಂಬ ಫುಟ್‌ಬಾಲ್ ಸಂಸ್ಥೆ ಬಂದದ್ದು 1979ರಲ್ಲಿ. ಗೆದ್ದ ವಿಶ್ವಕಪ್‌ಗೆ ಒಂದರಂತೆ ಹಾಕುವ ನಕ್ಷತ್ರಗಳೂ ಇರಲಿಲ್ಲ, ಐದು ನಕ್ಷತ್ರ ಪೂರ್ತಿಯಾದದ್ದು 2002ರ ನಂತರ. ಪೇಟೆಯಲ್ಲಿ ‘1970 ರೆಟ್ರೊ’ ಎಂದು ಸಿಗುವ ಅಂಗಿಯ ಮೇಲೆ ಐದು ನಕ್ಷತ್ರ, ಕೆಳಗೆ ಸಿಬಿಎಫ್ ಎಂದಿದ್ದರೆ ಅದು ಮೂರು ಕಾಲದ ಕಲಬೆರಕೆ. ನಿಮ್ಮ ತಂಡದ ಅಂಗಿಗೆ ಆ ಲಾಂಛನ ಹಾಕುವ ಗೊಡವೆಯೇ ಬೇಡ. ಅದು ಅವರ ಟ್ರೇಡ್‌ಮಾರ್ಕ್. ಬಣ್ಣ-ಕಾಲರ್ ಅವರದಿರಲಿ, ಎದೆಯ ಮೇಲೆ ನಿಮ್ಮೂರ ಹೆಸರಿರಲಿ.

ಬಟ್ಟೆ: ಹತ್ತಿಯ ಇಂಟರ್‌ಲಾಕ್ ಹೊಸೈರಿ ಬಟ್ಟೆ, 180 ಜಿಎಸ್ಎಂ (ಚದರ ಮೀಟರಿಗೆ 180 ಗ್ರಾಂ ತೂಕ). ದೊಡ್ಡವರ ಗಿಡ್ಡ ತೋಳಿನ ಅಂಗಿಯೊಂದಕ್ಕೆ ಕತ್ತರಿಸಿ ಹೋಗುವ ಚೂರೂ ಸೇರಿ ಸುಮಾರು 250-280 ಗ್ರಾಂ ಬೇಕು. 16 ಅಂಗಿ, ಒಂದು ಹೆಚ್ಚುವರಿ ಎಂದರೆ 5 ಕೆ.ಜಿ. ತನ್ನಿ. ಕಾಲರ್ ಮತ್ತು ತೋಳಿಗೆ ಹಸಿರು 1×1 ರಿಬ್ (ಹಿಗ್ಗುವ ಗೆರೆ ಹೆಣಿಗೆಯ ಬಟ್ಟೆ) ಅರ್ಧ ಕೆ.ಜಿ. ಸಾಕು, ಅದರಲ್ಲಿ ಸುಮಾರು ಶೇ 5 ಲೈಕ್ರಾ ಇರಲಿ. ಬರೀ ಹತ್ತಿಯ ರಿಬ್ ನಾಲ್ಕು ಒಗೆತಕ್ಕೆ ಜೋತುಬೀಳುತ್ತದೆ. ಹೊಸೈರಿ ಹತ್ತಿ ಮೊದಲ ಒಗೆತಕ್ಕೇ ಕುಗ್ಗುವುದರಿಂದ ಕತ್ತರಿಸುವ ಮುನ್ನ ನೆನೆಸಿ, ನೆರಳಲ್ಲಿ ಹರಡಿ ಒಣಗಿಸಿ. ತಂತಿಗೆ ಜೋತುಹಾಕಿದರೆ ಬಟ್ಟೆ ಉದ್ದಕ್ಕೆ ಜಗ್ಗಿ, ಹೊಲಿದ ಮೇಲೆ ಮತ್ತೆ ಗಿಡ್ಡಾಗುತ್ತದೆ.

ಬಣ್ಣ ಬಿಟ್ಟದ್ದು ಒಗೆದವರ ತಪ್ಪಲ್ಲ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕಿದಾಗ ಒಂದಷ್ಟು ಭಾಗ ನೂಲಿಗೆ ಅಂಟದೆ ಸುಮ್ಮನೆ ಒಳಗೆ ಕೂತಿರುತ್ತದೆ. ಡೈಯಿಂಗ್‌ನವರು ಅದನ್ನು ಹೆಚ್ಚುಕಡಿಮೆ ಕುದಿಯುವ ಸೋಪಿನ ನೀರಲ್ಲಿ ತೊಳೆದು ತೆಗೆಯಬೇಕು. ಇಂಧನ ಉಳಿಸಲು ಈ ಹಂತವನ್ನು ಹಾರಿಸಿದರೆ ಆ ಬಣ್ಣ ನಿಮ್ಮ ಬಕೆಟ್‌ನಲ್ಲಿ ಹೊರಬರುತ್ತದೆ. ಉಪ್ಪು ನೀರು, ವಿನೆಗರ್ ಎಂದು ಮನೆಮದ್ದು ಹೇಳುತ್ತಾರೆ, ರಿಯಾಕ್ಟಿವ್ ಬಣ್ಣವನ್ನು ಅವು ಹಿಡಿದು ಕೂಡಿಸಲಾರವು. ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ: 10×4 ಸೆಂ.ಮೀ. ಹಸಿರು ರಿಬ್ ಚೂರಿಗೆ ಅಷ್ಟೇ ಅಳತೆಯ ಬಿಳಿ ಹತ್ತಿ ಬಟ್ಟೆ ಜೋಡಿಸಿ ಹೊಲಿಯಿರಿ. ಲೀಟರಿಗೆ 5 ಗ್ರಾಂ ಸೋಪಿನ ಪುಡಿ ಹಾಕಿದ 40 ಡಿಗ್ರಿ ಬಿಸಿ ನೀರಲ್ಲಿ ಅರ್ಧ ಗಂಟೆ ಆಡಿಸುತ್ತಿರಿ. ಒಣಗಿದ ಮೇಲೆ ಬಿಳಿ ಚೂರು ಹಸಿರಾಗಿದ್ದರೆ ಆ ರಿಬ್ ಬೇಡ. ಅಂಗಡಿಯವನು ‘ಪಕ್ಕಾ ಕಲರ್’ ಎಂದು ಆಣೆ ಮಾಡಿದರೂ ಬೇಡ.

ಕಾಲರ್ ಕೂಡಿಸುವುದರಲ್ಲೇ ಅಂಗಿಯ ರೂಪ ನಿಲ್ಲುತ್ತದೆ. ಕತ್ತಿನ ಸುತ್ತಳತೆಯ ಶೇ 80ರಿಂದ 85ರಷ್ಟು ಉದ್ದದ ರಿಬ್ ತಗೊಳ್ಳಿ. ಕತ್ತಿನ ಸುತ್ತು 48 ಸೆಂ.ಮೀ. ಇದ್ದರೆ ರಿಬ್ 40, ಜೊತೆಗೆ ಹೊಲಿಗೆಗೆ 2. ಕಾಲರ್ 2 ಸೆಂ.ಮೀ. ಅಗಲ ಕಾಣಬೇಕಾದರೆ ಪಟ್ಟಿಯನ್ನು 6 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಮಡಚಬೇಕು. ರಿಬ್ಬನ್ನೂ ಕತ್ತನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ, ಓವರ್‌ಲಾಕ್ ಮಾಡುವಾಗ ರಿಬ್ಬನ್ನಷ್ಟೇ ಜಗ್ಗಿ, ಅಂಗಿಯ ಬಟ್ಟೆ ಜಗ್ಗಬಾರದು. ರಿಬ್ ಉದ್ದವಾದರೆ ಕಾಲರ್ ಬಾಯಿ ಬಿಡುತ್ತದೆ, ಗಿಡ್ಡಾದರೆ ಸುಕ್ಕು ಬಿದ್ದು ತಲೆ ತೂರುವುದೇ ಕಷ್ಟ. ಸೂಜಿ ಬಾಲ್‌ಪಾಯಿಂಟ್ ಇರಲಿ, 11 ಅಥವಾ 12ನೇ ನಂಬರು. ಮೊನಚು ಸೂಜಿ ಹೆಣಿಗೆಯ ನೂಲನ್ನು ಕತ್ತರಿಸುತ್ತದೆ. ತೂತು ಅಂದು ಕಾಣುವುದಿಲ್ಲ, ಎರಡನೇ ಒಗೆತಕ್ಕೆ ಹೊಲಿಗೆಗುಂಟ ಸಾಲಾಗಿ ಕಾಣುತ್ತವೆ.

ಹತ್ತಿ ಬೆವರು ಹೀರಿ ಭಾರವಾಗುತ್ತದೆ, ನಮಗೆ ಹಗುರ ಬೇಕು ಎನ್ನುವವರು ಪಾಲಿಯೆಸ್ಟರ್‌ಗೆ ಹೋಗಬಹುದು. ಆಗ ಕೆಲಸ ಸಬ್ಲಿಮೇಷನ್ನಿನದು, ಅಂದರೆ ಕಾಗದದ ಮೇಲೆ ಮುದ್ರಿಸಿದ ಬಣ್ಣವನ್ನು ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಬಟ್ಟೆಗೆ ಇಳಿಸುವುದು. 140-160 ಜಿಎಸ್ಎಂನ ಬಿಳಿ ಪಾಲಿಯೆಸ್ಟರ್ ಬೇಕು, ಹತ್ತಿಯ ಮೇಲೆ ಈ ಬಣ್ಣ ನಿಲ್ಲುವುದಿಲ್ಲ. ಕತ್ತರಿಸಿದ ಚೂರುಗಳ ಮೇಲೆ ಮೊದಲು ಪ್ರಿಂಟ್, ಆಮೇಲೆ ಹೊಲಿಗೆ. ಹೊಲಿದ ಅಂಗಿಯನ್ನು ಪ್ರೆಸ್ಸಿಗಿಟ್ಟರೆ ಕಂಕುಳಲ್ಲಿ ಬಿಳಿ ಗೆರೆ ಉಳಿಯುವುದು ಖಚಿತ. ಶಾಖ 195-200 ಡಿಗ್ರಿ, ಸಮಯ 45ರಿಂದ 60 ಸೆಕೆಂಡು. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ತೇವ ಹಿಡಿದಿರುತ್ತದೆ, ಆದ್ದರಿಂದ ಕಾಗದ ಇಡುವ ಮುಂಚೆ ಬರೀ ಬಟ್ಟೆಯನ್ನು ಐದು ಸೆಕೆಂಡು ಒತ್ತಿ ಆವಿ ಹೋಗಿಸಿ. ಇಲ್ಲದಿದ್ದರೆ ಮಚ್ಚೆ ಮಚ್ಚೆ ಮೂಡುತ್ತದೆ. ಪ್ರೆಸ್ ಎತ್ತುವಾಗ ಕಾಗದ ಸರಿದರೆ ನಂಬರಿಗೆ ನೆರಳು ಬೀಳುತ್ತದೆ, ಶಾಖ ತಡೆಯುವ ಟೇಪ್ ಹಚ್ಚಿ. ಕಂಪ್ಯೂಟರ್ ಪರದೆಯಲ್ಲಿ ಕಾಣುವ ಹಳದಿಯನ್ನು ನಂಬಬೇಡಿ. ಪೂರ್ತಿ ಹಳದಿಗೆ ಮಜೆಂಟಾ ಶೇ 5, 10, 15, 20 ಬೆರೆಸಿದ ನಾಲ್ಕು ಪಟ್ಟಿಗಳನ್ನು ಅದೇ ಬಟ್ಟೆಯ ಮೇಲೆ ಒತ್ತಿಸಿ, ಬಿಸಿಲಿಗೆ ಹಿಡಿದು ಆರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಮಜೆಂಟಾ ಸ್ವಲ್ಪ ಜಾಸ್ತಿಯಾದರೆ ಅಂಗಿ ಕೇಸರಿಗೆ ತಿರುಗುತ್ತದೆ.

ನಂಬರ್: ಫಿಫಾ ಪಂದ್ಯಗಳಲ್ಲಿ ಬೆನ್ನಿನ ಅಂಕಿ 25-35 ಸೆಂ.ಮೀ., ಎದೆಯದ್ದು 10-15 ಸೆಂ.ಮೀ. ಎತ್ತರ. ನಿಮಗೆ ಬೆನ್ನಿಗೆ 25 ಸಾಕು. ಅದಕ್ಕಿಂತ ದೊಡ್ಡದಾದರೆ ಸಣ್ಣ ಅಳತೆಯ ಅಂಗಿಯಲ್ಲಿ ಅಂಕಿಯ ಬುಡ ಚಡ್ಡಿಯೊಳಗೆ ಸಿಕ್ಕಿಕೊಳ್ಳುತ್ತದೆ.

ನಾವು ಮಗ್ಗದವರು. ನಮ್ಮ ಪವರ್‌ಲೂಮಿನ ಹತ್ತಿ ಬಟ್ಟೀಲೆ ಜರ್ಸಿ ಮಾಡಾಕ ಬರ್ತೈತೇನ್ರಿ?
— ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಅಂಗಿಗೆ ಬೇಡ. ಮಗ್ಗದ ನೇಯ್ಗೆ ಅಡ್ಡಕ್ಕೂ ಉದ್ದಕ್ಕೂ ಹಿಗ್ಗುವುದಿಲ್ಲ, ಥ್ರೋ ಮಾಡಲು ಕೈ ಎತ್ತಿದರೆ ಭುಜದಲ್ಲಿ ಬಿಗಿಯುತ್ತದೆ. ಚಡ್ಡಿಗೆ ಮಾತ್ರ ಹೇಳಿಮಾಡಿಸಿದ ಬಟ್ಟೆ. ಹಳೆಯ ಕಾಲದ ಫುಟ್‌ಬಾಲ್ ಚಡ್ಡಿಗಳೆಲ್ಲ ನೇಯ್ದ ಹತ್ತಿಯವೇ. 1970ರ ಮಾದರಿಗೆ ಗಟ್ಟಿ ಪಾಪ್ಲಿನ್ ಅಥವಾ ತೆಳು ಡ್ರಿಲ್ ಒಪ್ಪುತ್ತದೆ. ಸೊಂಟ 30 ಇಂಚಾದರೆ ಎಲಾಸ್ಟಿಕ್ 26 ಇಂಚು ಇಟ್ಟು, ಒಳಗೆ ಲಾಡಿಯನ್ನೂ ಹಾಕಿ, ಮಳೆಯಲ್ಲಿ ನೆನೆದ ಹತ್ತಿ ಚಡ್ಡಿಯನ್ನು ಎಲಾಸ್ಟಿಕ್ ಒಂದೇ ಹಿಡಿದಿಡಲಾರದು. ಪಕ್ಕದ ಬಿಳಿ ಪಟ್ಟಿ 2 ಸೆಂ.ಮೀ. ಇರಲಿ. ತೊಡೆಯ ಸಂದಿಯಲ್ಲಿ ವಜ್ರಾಕಾರದ ತುಂಡೊಂದನ್ನು ಕೂಡಿಸಿ ಹೊಲಿದರೆ ಕಾಲು ಬೀಸಿದಾಗ ಹರಿಯುವುದಿಲ್ಲ.

ಸೆಮಿಫೈನಲ್‌ಗೆ ಎರಡೂ ಟೀಮ್ ಹಳದಿ ಹಾಕ್ಕೊಂಡು ಬಂದ್ರ ಯಾರು ಬದಲಿಸಬೇಕ್ರಿ?
— ಹಿಂಡಲಗಾ

ಆಟದ 4ನೇ ನಿಯಮ ಹೇಳುವುದು ಇಷ್ಟೇ: ಎರಡು ತಂಡಗಳ ಬಣ್ಣ ಒಂದರಿಂದೊಂದು ಬೇರೆ ಕಾಣಬೇಕು, ರೆಫರಿಗಳ ಬಣ್ಣಕ್ಕಿಂತಲೂ ಬೇರೆ ಇರಬೇಕು. ಗೋಲ್‌ಕೀಪರ್ ಅಂಗಿ ಉಳಿದ ಆಟಗಾರರಿಂದ ಬೇರೆ. ಇಬ್ಬರು ಗೋಲ್‌ಕೀಪರ್‌ಗಳದೂ ಒಂದೇ ಬಣ್ಣವಾಗಿ ಬೇರೆ ಅಂಗಿ ಇಲ್ಲದಿದ್ದರೆ ರೆಫರಿ ಆಟ ಬಿಡುತ್ತಾರೆ. ಯಾರು ಬದಲಿಸಬೇಕೆಂಬುದು ಟೂರ್ನಿಯ ಸ್ವಂತ ನಿಯಮಕ್ಕೆ ಬಿಟ್ಟದ್ದು. ವೇಳಾಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡ ತನ್ನ ಬಣ್ಣ ಉಳಿಸಿಕೊಳ್ಳುತ್ತದೆ, ಎರಡನೆಯದು ಬದಲಿಸುತ್ತದೆ ಎಂದು ಪ್ರವೇಶ ಫಾರಂನಲ್ಲೇ ಅಚ್ಚು ಹಾಕಿಸಿ. ನಂಬರ್ ಇರುವ ಬಿಬ್ (ಜರ್ಸಿಯ ಮೇಲೆ ತೊಡುವ ತೋಳಿಲ್ಲದ ಅಂಗಿ) ಒಂದು ಸೆಟ್ ಸಂಘಟಕರ ಬಳಿ ಇರಲಿ.

ವಿಶ್ವಕಪ್‌ನಲ್ಲೇ ಈ ಫಜೀತಿ ಆಗಿದೆ. 1978ರಲ್ಲಿ ಮಾರ್ ಡೆಲ್ ಪ್ಲಾಟಾದಲ್ಲಿ ಫ್ರಾನ್ಸ್, ಹಂಗೇರಿ ಎರಡೂ ಬಿಳಿ ತೊಟ್ಟು ಬಂದವು. ಸ್ಥಳೀಯ ಕಿಂಬರ್ಲಿ ಕ್ಲಬ್ಬಿನಿಂದ ಹಸಿರು-ಬಿಳಿ ಪಟ್ಟೆಯ ಅಂಗಿ ಕಡ ತಂದು ಫ್ರಾನ್ಸ್ ಆಡಿತು. ಕೆಲವರ ಬೆನ್ನಿನ ನಂಬರ್ ಒಂದು, ಚಡ್ಡಿಯ ನಂಬರ್ ಇನ್ನೊಂದು. ಪಂದ್ಯ ತಡವಾಗಿ ಶುರುವಾಯಿತು, ಫ್ರಾನ್ಸ್ 3-1ರಿಂದ ಗೆದ್ದಿತು.

ಒಂದು ಉಪಾಯ: ಎರಡೂ ಅಂಗಿಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಮಳೆಯ ಮಬ್ಬಿನಲ್ಲಿ ಗೊಂದಲ ಆಗಿಯೇ ಆಗುತ್ತದೆ. ಕೆಂಪು-ಹಸಿರು ಜೋಡಿ ಹೀಗೇ ಮೋಸ ಮಾಡುತ್ತದೆ.

ಬ್ರೆಜಿಲ್ ಧ್ವಜದ ಬಣ್ಣ ತೊಟ್ಟಿತು. ಭಾರತ ಮಾತ್ರ ನೀಲಿ ಯಾಕೆ?
— ವಿಜಯಪುರ

ಧ್ವಜವೇ ಅಂಗಿಯಾಗಬೇಕೆಂದು ಎಲ್ಲೂ ಇಲ್ಲ. ಇಟಲಿಯ ನೀಲಿ ಸವಾಯ್ ರಾಜಮನೆತನದ್ದು. 1911ರ ಜನವರಿ 6ರಂದು ಹಂಗೇರಿ ವಿರುದ್ಧ ಮೊದಲು ತೊಟ್ಟರು. 1946ರಲ್ಲಿ ರಾಜಪ್ರಭುತ್ವ ಹೋದರೂ ಅಂಗಿ ಉಳಿಯಿತು. ನೆದರ್‌ಲೆಂಡ್ಸ್‌ನ ಕಿತ್ತಳೆಯೂ ಅರಮನೆಯದೇ. ನಮ್ಮ ಫುಟ್‌ಬಾಲ್ ತಂಡ ಬಹುಕಾಲ ತೊಟ್ಟದ್ದು ಆಕಾಶನೀಲಿ ಅಂಗಿ, ಕಪ್ಪು ಚಡ್ಡಿ. 2002ರಲ್ಲಿ ಅಡಿಡಾಸ್ ಬಂದಾಗ ಬಿಳಿಯಾಯಿತು. 2006ರಲ್ಲಿ ನೈಕಿ ಕಡುನೀಲಿ ಮಾಡಿತು. 2017ರಲ್ಲಿ, 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯುವ ಮುಂಚೆ, ಆಕಾಶನೀಲಿ ಮರಳಿತು. 2018ರ ಡಿಸೆಂಬರ್‌ನಲ್ಲಿ ಸಿಕ್ಸ್5ಸಿಕ್ಸ್ ಎಂಬ ದೇಶೀ ಕಂಪನಿ ಬಂದು ತೋಳಿಗೆ ಹುಲಿಪಟ್ಟೆ ಹಾಕಿತು. ಭಾರತದ ಅಂಗಿ ತಯಾರಿಸುವ ಹಕ್ಕಿಗೆ ದುಡ್ಡು ಕೊಟ್ಟ ಮೊದಲ ಕಂಪನಿ ಅದು. 2023ರಿಂದ ಪರ್ಫಾರ್ಮ್ಯಾಕ್ಸ್. ನಮ್ಮ ಅಭಿಪ್ರಾಯ ಕೇಳಿದರೆ, ಆಕಾಶನೀಲಿ-ಕಪ್ಪು ಜೋಡಿಯನ್ನು ಬಿಡಬಾರದಿತ್ತು. ಕಡುನೀಲಿ ಕ್ರಿಕೆಟ್‌ನವರ ನೆರಳಲ್ಲಿ ಕಳೆದುಹೋಗುತ್ತದೆ.

ಬಿಳಿ ಸಾಕ್ಸ್ ಒಂದೇ ಪಂದ್ಯಕ್ಕೆ ಕೆಂಪಾಗುತ್ತವೆ. ಬ್ಲೀಚ್ ಹಾಕಿದರೂ ಹೋಗುವುದಿಲ್ಲ.
— ಖಾನಾಪುರ ರಸ್ತೆ, ಬೆಳಗಾವಿ

ಬ್ಲೀಚ್ ಹಾಕಿದ್ದೇ ತಪ್ಪು. ನಮ್ಮ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಬ್ಲೀಚ್ ಅದನ್ನು ತೆಗೆಯುವುದಿಲ್ಲ, ಮೇಲಾಗಿ ಎಲಾಸ್ಟಿಕ್ ಮತ್ತು ನೈಲಾನ್ ನೂಲನ್ನು ಹಳದಿಗೊಳಿಸುತ್ತದೆ. ಹಸಿ ಮಣ್ಣನ್ನು ಉಜ್ಜಿದರೆ ಕಣಗಳು ನೂಲಿನೊಳಗೆ ಇಳಿಯುತ್ತವೆ. ಒಣಗಲು ಬಿಡಿ, ಕೊಡವಿ, ತಣ್ಣೀರಲ್ಲಿ ಜಾಲಾಡಿಸಿ, ಆಮೇಲೆ ಸೋಪಿನ ಪುಡಿಯ ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ ತೊಳೆಯಿರಿ. ಕಲೆ ಉಳಿದರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಲೀಟರ್ ನೀರಿಗೆ ಒಂದು ಟೀ ಚಮಚ ಆಕ್ಸಾಲಿಕ್ ಆಮ್ಲ ಕರಗಿಸಿ 10-15 ನಿಮಿಷ ಇಟ್ಟು, ಮೂರು ಸಲ ನೀರಲ್ಲಿ ತೊಳೆಯಿರಿ. ಅದು ವಿಷ. ಕೈಗೆ ಗ್ಲೌಸ್ ಇರಲಿ, ಮಕ್ಕಳಿಗೆ ಸಿಗದಂತೆ ಇಡಿ, ಬ್ಲೀಚಿನೊಂದಿಗೆ ಬೆರೆಸಲೇಬೇಡಿ. ಬಣ್ಣದ ಅಂಚಿರುವ ಸಾಕ್ಸ್ ಆದರೆ ಮೊದಲು ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಅಂಗಿಯನ್ನು ಒಳಮೈ ಹೊರಗೆ ಮಾಡಿ ಒಗೆಯಿರಿ, ಹಿಂಡಬೇಡಿ, ನಂಬರಿನ ಮೇಲೆ ಇಸ್ತ್ರಿ ಆಡಿಸಬೇಡಿ. ಪಾಲಿಯೆಸ್ಟರಿಗೆ ಕಂಫರ್ಟ್ ಬಗೆಯ ದ್ರವ ಹಾಕಿದರೆ ನೂಲಿನ ಮೇಲೆ ಪದರ ಕೂತು ಬೆವರು ಹೊರಗೆ ಹೋಗದು.

10ನೇ ನಂಬರನ್ನು ಪೆಲೆಯೇ ಆರಿಸಿಕೊಂಡದ್ದೇ?
— ಗೋಕಾಕ

ಅಲ್ಲ. 1958ರಲ್ಲಿ ಬ್ರೆಜಿಲ್ ಕಳಿಸಿದ ಆಟಗಾರರ ಪಟ್ಟಿಯಲ್ಲಿ ನಂಬರುಗಳೇ ಇರಲಿಲ್ಲ, ವಿಶ್ವಕಪ್ ನಡೆಸುವವರ ಕಡೆಯವರೇ ಕೂಡಿಸಿದರು. ಗೋಲ್‌ಕೀಪರ್ ಗಿಲ್ಮಾರ್‌ಗೆ 3 ಬಂತು, ಬಲಗಡೆ ಓಡುವ ಗರಿಂಚಾಗೆ 11, ಎಡಗಡೆಯ ಜಗಾಲೊಗೆ 7. 17 ವರ್ಷದ ಪೆಲೆಗೆ 10. ನಾಲ್ಕು ವರ್ಷದ ನಂತರ ಚಿಲಿಯಲ್ಲಿ ಗಿಲ್ಮಾರ್‌ಗೆ 1, ಗರಿಂಚಾಗೆ 7 ಸಿಕ್ಕವು. 10 ಪೆಲೆಯ ಬೆನ್ನಿನಲ್ಲೇ ಉಳಿಯಿತು.